ಓದಿದ್ದೀನಿ ಅಂತ ಒಬ್ಬರಾದ್ರೂ ಹೇಳ್ಬೇಕಲ್ವಾ

ನಮ್ಮ ತುಮಕೂರಲ್ಲಿ ಪುಸ್ತಕ ಬಿಡುಗಡೆಗಳಿಗೆ ಬರ ಇಲ್ಲ. ಅಮಾನಿಕೆರೆ ಹತ್ರ ಕನ್ನಡ ಭವನದಲ್ಲೋ, ಯಾವುದಾದ್ರೂ ಕಾಲೇಜಿನ ಸಭಾಂಗಣದಲ್ಲೋ ಆಗಾಗ ಒಂದು ಇದ್ದೇ ಇರುತ್ತೆ. ನಾಡಗೀತೆ, ಸ್ವಾಗತ, ದೀಪ ಹಚ್ಚೋದು, ಆಮೇಲೆ ಬಣ್ಣದ ಪೇಪರ್ ಸುತ್ತಿ ರಿಬ್ಬನ್ ಕಟ್ಟಿದ ಪುಸ್ತಕಗಳನ್ನ ಬಿಚ್ಚಿ, ವೇದಿಕೆ ಮೇಲಿರೋರೆಲ್ಲ ಒಂದೊಂದು ಪ್ರತಿ ಎದೆ ಹತ್ರ ಹಿಡ್ಕೊಂಡು ಸಾಲಾಗಿ ನಿಂತು ಫೋಟೋ. ನನಗೆ ಇದೆಲ್ಲ ನಿಜವಾಗ್ಲೂ ಇಷ್ಟ. ಬರೆದೋರ ಮನೆಯೋರು ಒಳ್ಳೆ ಸೀರೆ ಉಟ್ಕೊಂಡು ಮುಂದಿನ ಸಾಲಲ್ಲಿ ಕೂತಿರ್ತಾರೆ, ಮೊಮ್ಮಕ್ಕಳು ಕುರ್ಚಿಗಳ ಮಧ್ಯೆ ಓಡಾಡ್ತಿರ್ತವೆ, ಒಬ್ಬ ಮನುಷ್ಯ ವರ್ಷಗಟ್ಟಲೆ ಒಂಟಿಯಾಗಿ ಕೂತು ಮಾಡಿದ ಕೆಲಸಕ್ಕೆ ಇಷ್ಟು ಜನ ಸೇರಿದ್ರಲ್ಲ ಅಂತ ಖುಷಿ ಆಗುತ್ತೆ. ನನ್ನನ್ನ ಕಾಡೋದು ಅದರ ಮಾರನೇ ದಿನ.

ಮಾರನೇ ದಿನ ಪೇಪರಲ್ಲಿ ಫೋಟೋ ಬರುತ್ತೆ, ಕನ್ನಡ ಉಳೀಬೇಕು ಯುವಕರು ಓದ್ಬೇಕು ಅಂತ ಅತಿಥಿಗಳು ಹೇಳಿದ್ದು ಬರುತ್ತೆ, ಪುಸ್ತಕದೊಳಗೆ ಏನಿದೆ ಅನ್ನೋದು ಒಂದು ಸಾಲೂ ಬರಲ್ಲ. ಅಷ್ಟೇ. ಅಲ್ಲಿಂದಾಚೆಗೆ ಆ ಪುಸ್ತಕದ ಬಗ್ಗೆ ಯಾರೂ ಮಾತಾಡಲ್ಲ. ಒಳಪುಟದಲ್ಲಿ ಪ್ರಥಮ ಮುದ್ರಣ, ಪ್ರತಿಗಳು ಇಷ್ಟು, ಕಾಗದ 70 ಜಿಎಸ್‌ಎಂ, ಡೆಮಿ 1/8 ಅಂತೆಲ್ಲ ಅಚ್ಚಾಗಿರುತ್ತಲ್ಲ, ಆ ಪ್ರತಿಗಳಲ್ಲಿ ಒಂದಷ್ಟು ನೆಂಟರಿಗೆ, ಒಂದಷ್ಟು ಬಂದ ಅತಿಥಿಗಳಿಗೆ, ಗ್ರಂಥಾಲಯ ಇಲಾಖೆಯೋರು ಏಕಗವಾಕ್ಷಿ ಯೋಜನೇಲಿ ಕೊಂಡ್ಕೊಂಡ್ರೆ ಒಂದಷ್ಟು ಲೈಬ್ರರಿಗಳಿಗೆ, ಉಳಿದಿದ್ದು ಬಂಡಲ್ ಸಮೇತ ಅಟ್ಟಕ್ಕೆ. ಬೆಂಗಳೂರಿನ ದೊಡ್ಡ ಪ್ರಕಾಶಕರ ಪುಸ್ತಕಗಳಿಗೆ ಭಾನುವಾರದ ಪುರವಣಿಯಲ್ಲಿ ಒಂದು ಕಾಲಂ ಆದ್ರೂ ಸಿಗಬಹುದು. ಶಿರಾದಲ್ಲೋ ಕೊರಟಗೆರೆಯಲ್ಲೋ ಕೂತು, ಪಿಎಫ್ ದುಡ್ಡು ಹಾಕಿ, ಊರಲ್ಲೇ ಡಿಟಿಪಿ ಮಾಡಿಸಿ ಪುಸ್ತಕ ತಂದೋರಿಗೆ ಅದೂ ಇಲ್ಲ.

ನಾನು ಪುಸ್ತಕಗಳ ಬಗ್ಗೆ ಬರೆಯೋಕೆ ಶುರು ಮಾಡಿದ್ದು ಈ ಮೌನದಿಂದ. ಹೊಸದಾಗಿ ಬರೀಬೇಕು ಅಂತಿರೋ ಇಬ್ಬರು ಮೂವರು ಹುಡುಗೀರು, ದಿನಾ ನನ್ನ ಜೊತೆ ಟ್ರೈನಲ್ಲಿ ಓಡಾಡೋರೇ, ಹೆಂಗೆ ಶುರು ಮಾಡೋದು ಅಕ್ಕ ಅಂತ ಕೇಳ್ತಿರ್ತಾರೆ. ಓಡೋ ಟ್ರೈನಲ್ಲಿ ನಿಂತ್ಕೊಂಡು ಇದನ್ನೆಲ್ಲ ಹೇಳೋಕಾಗಲ್ಲ, ಅದಕ್ಕೇ ಇಲ್ಲಿ ಉದ್ದಕ್ಕೆ ಬರೀತಿದ್ದೀನಿ.

ಹೆಜ್ಜೆ ಗುರುತು

ಅಂಥದ್ದೇ ಒಂದು ಸಮಾರಂಭದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರ ಮೊದಲ ಕಾದಂಬರಿ ಬಿಡುಗಡೆ ಆಯ್ತು. ಮಧುಗಿರಿ ಕಡೆಯೋರು. ಅವರ ಹೆಸರು, ಪುಸ್ತಕದ ಹೆಸರು ಇಲ್ಲಿ ಬೇಡ, ಅವರಿಗೆ ಇಷ್ಟ ಆಗಲ್ಲ. ಮುಖ್ಯ ಅತಿಥಿಗಳು ಬಹಳ ಹೊತ್ತು ಮಾತಾಡಿದ್ರು, ಕುವೆಂಪು ಬಂದ್ರು, ಬೇಂದ್ರೆ ಬಂದ್ರು, ಇಂಗ್ಲಿಷ್ ಮೀಡಿಯಂ ಬಂತು, ಕೈಯಲ್ಲಿದ್ದ ಪುಸ್ತಕ ಮಾತ್ರ ಬರ್ಲೇ ಇಲ್ಲ. ಮೇಷ್ಟ್ರು ಪಕ್ಕದಲ್ಲಿ ಶಾಲು ಹೊದ್ಕೊಂಡು ಕೂತು ಅವರ ಬಾಯನ್ನೇ ನೋಡ್ತಿದ್ರು, ಈಗ ನನ್ನ ಕಥೆಗೆ ಬರ್ತಾರೆ ಈಗ ಬರ್ತಾರೆ ಅಂತ. ಆ ಮುಖ ನೋಡಿ ನನಗೆ ಹೊಟ್ಟೆ ಕಿವುಚಿದಂಗೆ ಆಗಿ ಹೊರಗೆ ಟೇಬಲ್ ಮೇಲೆ ಇಟ್ಟಿದ್ದ ಒಂದು ಪ್ರತಿ ಕೊಂಡ್ಕೊಂಡು ಬಂದೆ.

ನಾನು ಓದೋದೆಲ್ಲ ಟ್ರೈನಲ್ಲಿ. ಬೆಳಿಗ್ಗೆ ಯಶವಂತಪುರಕ್ಕೆ ಹೋಗೋದು, ಸಂಜೆ ವಾಪಸ್. ಕ್ಯಾತ್ಸಂದ್ರ ದಾಟೋವರೆಗೂ ಸೀಟಿನ ಗಲಾಟೆ, ಹಿರೇಹಳ್ಳಿ ಬಂದ್ಮೇಲೆ ಪುಸ್ತಕ ತೆಗೆದ್ರೆ ಚಿಕ್ಕಬಾಣಾವರದವರೆಗೂ ನನ್ನ ಟೈಮು. ಕೈಯಲ್ಲಿ ಒಂದು ಪೆನ್ಸಿಲ್ ಇರುತ್ತೆ. ಓದ್ತಾ ಓದ್ತಾ ತಲೆ ಎತ್ತಿ ಕಿಟಕಿ ಆಚೆ ನೋಡೋಂಗೆ ಆಯ್ತು ಅಂದ್ರೆ ಆ ಸಾಲಿನ ಪಕ್ಕ ಆಗ ಬಂದಿದ್ದ ಸ್ಟೇಷನ್ ಹೆಸರು ಬರೆದುಬಿಡ್ತೀನಿ, ನಿಡವಂದ, ದೊಡ್ಡಬೆಲೆ, ಗೊಲ್ಲಹಳ್ಳಿ ಅಂತ. ಯಾಕೆ ತಲೆ ಎತ್ತಿದೆ ಅಂತ ಆಗಲೇ ಯೋಚನೆ ಮಾಡಲ್ಲ. ಕೆಲವೊಮ್ಮೆ ಬೋರಾಗಿ ಎತ್ತಿರ್ತೀನಿ, ಕೆಲವೊಮ್ಮೆ ಮುಂದಕ್ಕೆ ಓದೋಕಾಗದೆ ಎತ್ತಿರ್ತೀನಿ. ಮನೆಗೆ ಬಂದು ಆ ಸ್ಟೇಷನ್‌ಗಳನ್ನ ಮತ್ತೆ ನೋಡಿದ್ರೆ ಪುಸ್ತಕ ನನಗೇನು ಮಾಡ್ತು ಅನ್ನೋದು ಅಲ್ಲೇ ಇರುತ್ತೆ.

ಮೇಷ್ಟ್ರ ಕಾದಂಬರಿ ಒಂದು ತಲಪರಿಗೆ ಸುತ್ತ ನಡೆಯೋದು. ಬೇರೆ ಜಿಲ್ಲೆಯೋರಿಗೆ ಗೊತ್ತಿರ್ಲಿಕ್ಕಿಲ್ಲ: ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ಮರಳು ನೆಲದಲ್ಲಿ ತಾನಾಗೇ ಜಿನುಗೋ ಒರತೆಗಳಿವೆ, ಊರೋರೆಲ್ಲ ಸೇರಿ ವರ್ಷಕ್ಕೊಂದ್ಸಲ ಹೂಳು ತೆಗೆದು, ಕಾಲುವೆ ಮಾಡಿ, ಹೊಲಕ್ಕೆ ನೀರು ಹರಿಸ್ಕೊಳ್ತಿದ್ರು, ಯಾರ ಹೊಲಕ್ಕೆ ಯಾವಾಗ ಅಂತ ನೋಡ್ಕೊಳೋಕೆ ನೀರುಗಂಟಿ ಇರ್ತಿದ್ದ. ಬೋರ್‌ವೆಲ್‌ಗಳು ಬಂದು ನೀರು ಆಳಕ್ಕೆ ಇಳಿದ್ಮೇಲೆ ಎಷ್ಟೋ ತಲಪರಿಗೆಗಳು ಒಣಗಿಹೋದ್ವು. ಕಾದಂಬರಿಯ ಶುರುವಲ್ಲಿ ನೀರುಗಂಟಿ ಬೆಳಿಗ್ಗೆ ಮನೆಗೆ ಬರ್ತಾನೆ, ಈಗಷ್ಟೇ ಸಾರಿಸಿದ ನೆಲದ ಮೇಲೆ ಒದ್ದೆ ಕಾಲಲ್ಲಿ ನಡೆದ ಅಂತ ಹೆಂಡ್ತಿ ಬೈತಾಳೆ. ಮುಂದೆ ಇನ್ನೆರಡು ಕಡೆ ಹಂಗೇ ಬೈತಾಳೆ. ಮಧ್ಯದಲ್ಲಿ ಒಂದು ಅಧ್ಯಾಯ ಇದೆ, ಅವನು ಬರ್ತಾನೆ, ಗುದ್ದಲಿ ಮೂಲೇಲಿ ಇಡ್ತಾನೆ, ಊಟಕ್ಕೆ ಕೂರ್ತಾನೆ, ಅವಳು ನೆಲ ನೋಡ್ತಾಳೆ, ಸುಮ್ಮನೆ ಮುದ್ದೆ ಬಡಿಸ್ತಾಳೆ. ಅಷ್ಟೇ ಬರೆದಿದ್ದಾರೆ. ನೀರು ಬತ್ತಿತು ಅಂತ ಆ ಅಧ್ಯಾಯದಲ್ಲಿ ಎಲ್ಲೂ ಒಂದು ಮಾತಿಲ್ಲ. ನನ್ನ ಪ್ರತೀಲಿ ಅಲ್ಲಿ ದೊಡ್ಡಬೆಲೆ ಅಂತ ಇದೆ.

ಪುಸ್ತಕದ ಕೊನೇಲಿ ಮೇಷ್ಟ್ರ ಫೋನ್ ನಂಬರ್ ಇತ್ತು. ಸಂಜೆ ಮಾಡಿದೆ. ಮೇಷ್ಟ್ರೇ, ನಿಮ್ಮ ಕಾದಂಬರಿ ಓದಿದೆ, ನೀರುಗಂಟಿ ಹೆಂಡ್ತಿ ಬೈಯದೆ ಸುಮ್ಮನಾಗ್ತಾಳಲ್ಲ ಆ ಅಧ್ಯಾಯ ಓದಿ ಮುಂದಕ್ಕೆ ಹೋಗೋಕಾಗ್ಲಿಲ್ಲ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯ್ತೇನೋ ಅಂತ ಹಲೋ ಹಲೋ ಅಂದೆ. "ಇದ್ದೀನಿ ಕಣಮ್ಮ," ಅಂದ್ರು. "ಹೆಜ್ಜೆ ಗುರುತು ನೋಡ್ದಾ ನೀನು? ಅದನ್ನ ನಾನು ನಮ್ಮನೆಯೋಳಿಗೂ ಹೇಳಿರ್ಲಿಲ್ಲ. ಯಾರಾದ್ರೂ ನೋಡ್ತಾರಾ ಅಂತ ಕಾಯ್ತಿದ್ದೆ." ಆಮೇಲೆ ಅವರೇ ಆ ಅಧ್ಯಾಯ ಬರೆದ ರಾತ್ರಿ ಬಗ್ಗೆ ಹೇಳಿದ್ರು, ಮೊದಲು ಎರಡು ಪುಟ ನೀರು ಬತ್ತಿದ್ದನ್ನ ವರ್ಣನೆ ಮಾಡಿದ್ರಂತೆ, ಬೆಳಿಗ್ಗೆ ಎದ್ದು ಅದನ್ನೆಲ್ಲ ಹೊಡೆದು ಹಾಕಿದ್ರಂತೆ.

ಸಭೇಲಿ ಅವರಿಗೆ ಹೊಗಳಿಕೆ ಬೇಕಾದಷ್ಟು ಸಿಕ್ಕಿತ್ತು, ಮೇರು ಕೃತಿ ಅಂತಲೂ ಅಂದಿದ್ರು. ಅವರು ಕಾಯ್ತಿದ್ದಿದ್ದು ಅದಕ್ಕಲ್ಲ. ಒಬ್ಬರಾದ್ರೂ ಪೂರ್ತಿ ಓದಿದ್ದಾರೆ ಅನ್ನೋದಕ್ಕೆ ಒಂದು ಸಾಕ್ಷಿ ಬೇಕಾಗಿತ್ತು. ಪುಸ್ತಕದ ಬಗ್ಗೆ ಬರೆಯೋದು ಅಂದ್ರೆ ನನ್ನ ಪ್ರಕಾರ ಮೊದಲು ಅದೇ, ಆ ಸಾಕ್ಷಿ ಕೊಡೋದು. ತೀರ್ಪು ಆಮೇಲೆ.

ನಾನ್ಯಾರು ಬರೆಯೋಕೆ

ಈ ಪ್ರಶ್ನೆ ಎಲ್ಲರಿಗೂ ಬರುತ್ತೆ. ಕನ್ನಡ ಎಂಎ ಮಾಡಿಲ್ಲ, ಕಾವ್ಯಮೀಮಾಂಸೆ ಅಂದ್ರೆ ಕಾವ್ಯದ ಶಾಸ್ತ್ರ ಗೊತ್ತಿಲ್ಲ, ನವ್ಯ ಬಂಡಾಯ ಅಂತೆಲ್ಲ ಅಂದ್ರೆ ಪರೀಕ್ಷೆಗೆ ಓದಿದ್ದು ಅಷ್ಟೇ, ನಾನು ಬರೆದ್ರೆ ಯಾರು ಕೇಳ್ತಾರೆ ಅಂತ. ಕೇಳಿದ ಹುಡುಗೀರಲ್ಲಿ ಒಬ್ಬಳು ಬಿಕಾಂ, ಇನ್ನೊಬ್ಬಳು ಲ್ಯಾಬ್ ಟೆಕ್ನಿಷಿಯನ್.

ಇದಕ್ಕೆ ನಮ್ಮ ಅಕ್ಕಪಕ್ಕದಲ್ಲೇ ಉತ್ತರ ಇದೆ ಅನ್ಸುತ್ತೆ. ಮುಳಬಾಗಿಲಿನ ಡಿ.ವಿ.ಜಿ. ಕಾಲೇಜು ಓದಿದೋರಲ್ಲ. ಪತ್ರಿಕೆ ಕೆಲಸ ಮಾಡ್ತಾನೇ ಸಾಹಿತ್ಯದ ಬಗ್ಗೆ ಅಷ್ಟೊಂದು ಬರೆದ್ರು. ಕೋಲಾರ ಜಿಲ್ಲೆಯ ಮಾಸ್ತಿಯವರು ಓದಿದೋರು ನಿಜ, ಆದ್ರೆ ಹೊಟ್ಟೆಪಾಡಿಗೆ ಮಾಡಿದ್ದು ಮೈಸೂರು ಸರ್ಕಾರದ ಕೆಲಸ, ಕಥೆ ಬರೆಯೋದರ ಜೊತೆಗೇ ಬೇರೆಯೋರ ಪುಸ್ತಕಗಳನ್ನ ಓದಿ ಅದರ ಬಗ್ಗೆ ಬರೀತಿದ್ರು, ವಿಮರ್ಶೆ ಅನ್ನೋ ಹೆಸರಲ್ಲೇ ಅವರ ಸಂಪುಟಗಳಿವೆ, ಮುಂದೆ ಜೀವನ ಪತ್ರಿಕೆ ನಡೆಸಿದ್ರು. 1983ರ ಜ್ಞಾನಪೀಠ ಎಲ್ಲರಿಗೂ ನೆನಪಿದೆ, ಅವರು ಬೇರೆಯೋರನ್ನ ಎಷ್ಟು ಓದ್ತಿದ್ರು ಅನ್ನೋದನ್ನ ನಾವು ಕಮ್ಮಿ ನೆನೆಸ್ಕೊಳ್ತೀವಿ. ಇನ್ನು ಕಾವ್ಯಮೀಮಾಂಸೆ ಅಂದ್ರೆ ಹೆದರೋರಿಗೆ ಒಂದು ಮಾತು. ಅದನ್ನ ಕನ್ನಡದಲ್ಲಿ ತಿಳಿಯೋ ಹಾಗೆ ಬರೆದೋರು ತೀ.ನಂ. ಶ್ರೀಕಂಠಯ್ಯ, ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದೋರು. ಅವರ ಭಾರತೀಯ ಕಾವ್ಯಮೀಮಾಂಸೆ ಬಂದಿದ್ದು 1953ರಲ್ಲಿ. ಗಾತ್ರ ನೋಡಿ ಹಿಂದೆ ಸರೀಬೇಡಿ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಸಹೃದಯನ ವಿಷಯ, ಕವಿ ಬರೆದು ಮುಗಿಸಿದ್ರೆ ಕಾವ್ಯದ ಕೆಲಸ ಮುಗಿಯಲ್ಲ, ಓದೋನ ಮನಸ್ಸಲ್ಲಿ ಅದು ಮತ್ತೆ ಹುಟ್ಬೇಕು ಅನ್ನೋದು. ಸಾವಿರ ವರ್ಷದ ಹಿಂದಿನ ಪಂಡಿತರೇ ಓದುಗರಿಗೆ ಇಷ್ಟು ಜಾಗ ಬಿಟ್ಟಿದ್ದಾರೆ. ಬಿಕಾಂ ಹುಡುಗಿ ಆ ಜಾಗದಲ್ಲಿ ಧೈರ್ಯವಾಗಿ ಕೂರಬಹುದು.

ಅಲ್ಲದೆ ಬಿಕಾಂ ಹುಡುಗಿ ನೋಡೋದನ್ನ ಪ್ರೊಫೆಸರ್ ನೋಡದೆ ಇರಬಹುದು. ಒಂದು ಕಥೇಲಿ ಮಹಿಳಾ ಸಂಘದ ಸಾಲದ ಲೆಕ್ಕ ಬಂದಿತ್ತು, ಬಡ್ಡಿ ಹಾಕಿರೋದು ತಪ್ಪು ಅಂತ ಅವಳೇ ಹಿಡಿದಿದ್ದು, ಆ ತಪ್ಪು ಲೆಕ್ಕದ ಮೇಲೇ ಕಥೆಯ ಜಗಳ ಎಲ್ಲ ನಿಂತಿತ್ತು. ಅದನ್ನ ಬರಿ ಮಾರಾಯ್ತಿ ಅಂದೆ, ಅದೂ ವಿಮರ್ಶೇನೇ.

ಬರೆಯೋಕೆ ಕೂತಾಗ

ಶುರುವಲ್ಲಿ ಕೈಗೆ ಬರೋ ಮಾತುಗಳು ಎಲ್ಲ ಬೆನ್ನುಡಿಯಿಂದ ಬಂದಿರ್ತವೆ: ಮನಮುಟ್ಟುವ, ಮಣ್ಣಿನ ವಾಸನೆಯ, ಒಂದೇ ಉಸಿರಿಗೆ ಓದಿಸಿಕೊಳ್ಳುವ. ಇವು ಯಾವ ಪುಸ್ತಕಕ್ಕೆ ಬೇಕಾದ್ರೂ ಒಪ್ಪೋದ್ರಿಂದ ಯಾವ ಪುಸ್ತಕದ ಬಗ್ಗೆಯೂ ಏನೂ ಹೇಳಲ್ಲ. ನಾನು ಒಂದು ಪರೀಕ್ಷೆ ಇಟ್ಕೊಂಡಿದ್ದೀನಿ, ಬರೆದ ಸಾಲಿನಿಂದ ಪುಸ್ತಕದ ಹೆಸರು ತೆಗೆದು ಬೇರೆ ಹೆಸರು ಹಾಕಿ ನೋಡೋದು. ಸಾಲು ಹಂಗೇ ನಿಂತ್ರೆ ಹೊಡೆದುಹಾಕೋದು. ಮುನ್ನುಡಿ, ಬೆನ್ನುಡಿ ನಾನು ಕೊನೇಗೆ ಓದ್ತೀನಿ. ಮೊದಲೇ ಓದಿದ್ರೆ ಅವರು ನೋಡಿದ್ದೇ ನಮಗೂ ಕಾಣೋಕೆ ಶುರುವಾಗುತ್ತೆ, ಅದರಲ್ಲೂ ಮುನ್ನುಡಿ ಬರೆದೋರು ದೊಡ್ಡೋರಾದ್ರೆ ಮುಗೀತು.

ಪುಸ್ತಕ ಏನು ಅಂತ ನೆಟ್ಟಗೆ ಹೇಳೋದೇ ಕಷ್ಟದ ಕೆಲಸ, ಜನ ಅದನ್ನ ಸುಲಭ ಅನ್ಕೊಂಡಿದ್ದಾರೆ. ಕೃತಿ ಪರಿಚಯ ಅಂದ್ರೆ ಕೆಳಗಿಂದು, ವಿಮರ್ಶೆ ಅಂದ್ರೆ ಮೇಲಿಂದು ಅನ್ನೋ ಭಾವನೆ ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆ ಇಲ್ಲ. ಕಥೆ ಯಾರು ಹೇಳ್ತಿದ್ದಾರೆ, ಎಷ್ಟು ಕಾಲ ನಡೆಯುತ್ತೆ, ಮಾತುಕತೆ ಯಾವ ಕಡೆ ಕನ್ನಡ, ಎಲ್ಲಿ ನಿಧಾನ ಆಗುತ್ತೆ ಎಲ್ಲಿ ಓಡುತ್ತೆ, ಇಷ್ಟನ್ನ ಅಂತ್ಯ ಬಿಟ್ಟುಕೊಡದೆ ಸರಿಯಾಗಿ ಹೇಳಿದ್ರೆ ಓದೋರಿಗೆ ಇದು ತಮಗೆ ಬೇಕಾ ಬೇಡ್ವಾ ಅಂತ ಅವರಿಗೇ ಗೊತ್ತಾಗುತ್ತೆ. ಕಥೆ ಪೂರ್ತಿ ಹೇಳಿಬಿಡೋರು ಇದ್ದಾರೆ, ದಯವಿಟ್ಟು ಬೇಡ. ಪುಟ, ಬೆಲೆ, ಪ್ರಕಾಶನ ಹಾಕೋದರ ಜೊತೆಗೆ ಪುಸ್ತಕ ಎಲ್ಲಿ ಸಿಗುತ್ತೆ ಅಂತಲೂ ಹಾಕಿ. ನಮ್ಮ ಕಡೆ ಎಷ್ಟೋ ಪುಸ್ತಕಗಳು ಬರೆದೋರ ಮನೇಲಿ ಮಾತ್ರ ಸಿಗೋದು. ನಿಮ್ಮೂರ ಲೈಬ್ರರೀಲಿ ಇದ್ರೆ ಅದನ್ನೂ ಹೇಳಿ, ಮನೆ ಕಂದಾಯದ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ತೀವಲ್ಲ, ಆ ದುಡ್ಡಲ್ಲಿ ಬಂದ ಪುಸ್ತಕಾನ ಒಬ್ಬರಾದ್ರೂ ಕಪಾಟಿಂದ ಕೆಳಗೆ ಇಳಿಸ್ಲಿ.

ಪುಸ್ತಕದ ಸಾಲುಗಳನ್ನ ಹಾಕಬಹುದಾ ಅಂತ ಬಹಳ ಜನಕ್ಕೆ ಭಯ. ಹಾಕ್ಲೇಬೇಕು. ಬರೆದೋರ ದನಿ ಕೇಳಿಸದೆ ನಾವೇ ಮಾತಾಡ್ತಾ ಇದ್ರೆ ಓದೋರು ನಮ್ಮನ್ನ ಯಾಕೆ ನಂಬಬೇಕು? 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿಮರ್ಶೆಗೋಸ್ಕರ ನ್ಯಾಯವಾದ ಮಟ್ಟದಲ್ಲಿ ಬಳಸ್ಕೊಳೋಕೆ ಅವಕಾಶ ಇದೆ. ನಾಲ್ಕಾರು ಸಾಲು ತಗೊಂಡು ಅದರ ಬಗ್ಗೆ ನಾವು ಏನಾದ್ರೂ ಹೇಳ್ಬೇಕು, ಯಾರದ್ದು ಅಂತ ಹೆಸರು ಹಾಕ್ಬೇಕು. ಅಧ್ಯಾಯಕ್ಕೆ ಅಧ್ಯಾಯ ಫೋಟೋ ತೆಗೆದು ಹಂಚೋದು, ಪಿಡಿಎಫ್ ಮಾಡಿ ವಾಟ್ಸಾಪಲ್ಲಿ ಬಿಡೋದು ಬೇರೆ ವಿಷಯ. ಸ್ವಂತ ದುಡ್ಡು ಹಾಕಿ ಅಚ್ಚು ಹಾಕಿಸಿದೋರಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಒಂದೇ ಊರಲ್ಲಿ ಇರೋರು

ನಿಜವಾದ ಕಷ್ಟ ಇಲ್ಲಿದೆ. ಮೇಷ್ಟ್ರ ಕಾದಂಬರಿಯ ಕೊನೇ ಭಾಗ ಚೆನ್ನಾಗಿಲ್ಲ. ನೀರುಗಂಟಿಯ ಮಗ ಊರಿಗೆ ವಾಪಸ್ ಬಂದು ಪುಟಗಟ್ಟಲೆ ಭಾಷಣ ಮಾಡ್ತಾನೆ, ಅಂತರ್ಜಲ, ಸರ್ಕಾರ, ರಾಜಕಾರಣಿಗಳು ಅಂತ. ಹೇಳೋದೆಲ್ಲ ಸರಿಯೇ, ಆದ್ರೆ ಒಂದು ಒದ್ದೆ ಹೆಜ್ಜೇಲಿ ಎಲ್ಲ ಹೇಳಿದ ಮನುಷ್ಯ ಇಲ್ಲಿ ಯಾಕೆ ಇಷ್ಟು ಕೂಗ್ತಿದ್ದಾರೆ ಅನ್ಸಿತು. ನನ್ನ ಪ್ರತೀಲಿ ಆ ಪುಟಗಳಲ್ಲಿ ಎಲ್ಲಾ ಸ್ಟೇಷನ್ನೂ ಇದೆ. ಬೆಂಗಳೂರಿನ ಲೇಖಕರಾದ್ರೆ ಬರೆದು ಕೈ ತೊಳ್ಕೊಬಹುದು. ಇವರು ನಾಳೆ ಬಿ.ಎಚ್. ರಸ್ತೇಲಿ ಎದುರಿಗೆ ಸಿಗ್ತಾರೆ, ಅವರ ಸೊಸೆ ನಮ್ಮ ಅತ್ತಿಗೆ ಸ್ಕೂಲಲ್ಲೇ ಟೀಚರ್, ಬರೆದ್ರೆ ಬೇಜಾರಾಗುತ್ತೆ, ಬರೀದಿದ್ರೆ ಮೊದಲ ಭಾಗ ಹೊಗಳಿದ್ದಕ್ಕೂ ಬೆಲೆ ಇರಲ್ಲ. ನಮ್ಮಲ್ಲಿ ಇನ್ನೊಂದು ಇದೆ, ಬಾಯಿಬಿಟ್ಟು ಹೇಳ್ಬೇಕು: ಯಾರು ಯಾರ ಪುಸ್ತಕದ ಬಗ್ಗೆ ಬರೆದ್ರೂ ಮೊದಲು ಜಾತಿ ನೋಡ್ತಾರೆ, ಆಮೇಲೆ ಯಾವ ಬಣ ಅಂತ ನೋಡ್ತಾರೆ. ಹೊಗಳಿದ್ರೆ ನಮ್ಮೋರು, ತೆಗಳಿದ್ರೆ ಆ ಕಡೆಯೋರು. ಇದಕ್ಕೆ ನನಗೆ ಗೊತ್ತಿರೋ ದಾರಿ ಒಂದೇ, ಪುಟದ ಸಂಖ್ಯೆ. ಇಷ್ಟನೇ ಪುಟದಿಂದ ಇಷ್ಟನೇ ಪುಟದವರೆಗೆ ಹೀಗಾಗಿದೆ, ಅದಕ್ಕೆ ಮುಂಚೆ ಇಷ್ಟನೇ ಪುಟದಲ್ಲಿ ನೀವೇ ಇದನ್ನ ಇದಕ್ಕಿಂತ ಚೆನ್ನಾಗಿ ಮಾಡಿದ್ದೀರ ಅಂತ ಬರೆದ್ರೆ, ಬೈಯೋರೂ ಆ ಪುಟ ತೆಗೆದು ನೋಡಿ ಬೈಬೇಕಾಗುತ್ತೆ. ಅಲ್ಲಿಗೆ ಇನ್ನೊಬ್ಬರು ಪುಸ್ತಕ ತೆಗೆದಂಗಾಯ್ತು.

ಬರೆದಿದ್ದನ್ನ ಮೊದಲು ನಮ್ಮೂರಿನ ಒಂದು ಪತ್ರಿಕೆಗೆ ಕೊಟ್ಟೆ. ಭಾಷಣದ ವಿಷಯ ಇದ್ದ ಪ್ಯಾರಾ ತೆಗೆದು ಹಾಕ್ತೀವಿ, ನಮ್ಮೂರೋರಲ್ವಾ ಮೇಡಂ, ಯಾಕೆ ಸುಮ್ಮನೆ ಅಂದ್ರು. ಅವರದ್ದು ಕೆಟ್ಟ ಮನಸ್ಸಲ್ಲ, ಮೇಷ್ಟ್ರಿಗೆ ಒಳ್ಳೇದಾಗ್ಲಿ ಅಂತಲೇ ಹೇಳಿದ್ದು. ಆದ್ರೆ ಆ ಪ್ಯಾರಾ ಇಲ್ಲದೆ ಅದು ಇನ್ನೊಂದು ಬೆನ್ನುಡಿ ಆಗೋದು, ಹಾಗಾಗಿ ವಾಪಸ್ ತಗೊಂಡೆ. ಜೆರಾಕ್ಸ್ ಮಾಡಿಸಿ ಟ್ರೈನಲ್ಲಿ ಓದೋರಿಗೆ ಕೊಟ್ಟೆ, ಒಂದು ಪ್ರತಿ ಮೇಷ್ಟ್ರಿಗೆ ಪೋಸ್ಟಲ್ಲಿ ಕಳಿಸಿದೆ. ಫೋನ್ ಅವರೇ ಮಾಡಿದ್ರು. "ಆ ಭಾಷಣದ ಭಾಗ ನಾನು ತೆಗೆಯಲ್ಲ ಕಣಮ್ಮ," ಅಂದ್ರು. "ಕಥೆ ಓದಿ ಅರ್ಥ ಮಾಡ್ಕೊಳೋರು ನಮ್ಮೂರಲ್ಲಿ ಕಮ್ಮಿ. ಯಾರಾದ್ರೂ ಬಾಯಿಬಿಟ್ಟು ಹೇಳ್ಬೇಕಿತ್ತು, ಹೇಳಿದ್ದೀನಿ." ನಾನು ಒಪ್ಪಲಿಲ್ಲ, ಅವರೂ ಒಪ್ಪಲಿಲ್ಲ, ಆದ್ರೆ ಅರ್ಧ ಗಂಟೆ ಅವರ ಪುಸ್ತಕದ ಬಗ್ಗೇನೇ ಮಾತಾಡಿದ್ವಿ. ಬಿಡುಗಡೆ ದಿನ ವೇದಿಕೆ ಮೇಲೆ ಇದು ನಡೀಬೇಕಿತ್ತು ಅಂತ ಈಗಲೂ ಅನ್ಸುತ್ತೆ. ಮಾತಾಡೋರನ್ನ ಕರೆಯುವಾಗ ಒಂದು ತಿಂಗಳು ಮುಂಚೆ ಪುಸ್ತಕ ಕೊಡಿ, ಓದಿದ್ರೆ ಮಾತ್ರ ಕರೀರಿ. ದೊಡ್ಡ ಹೆಸರು ಇಲ್ಲದಿದ್ರೂ ಪರವಾಗಿಲ್ಲ.

ಗೌರವ ಪ್ರತಿ ಬಗ್ಗೆ ಒಂದು ಮಾತು. ಸ್ವಲ್ಪ ಬರೆಯೋಕೆ ಶುರು ಮಾಡಿದ್ರೆ ಪುಸ್ತಕಗಳು ಮನೆಗೇ ಬರ್ತವೆ, ಒಳಗೆ ಪ್ರೀತಿಯಿಂದ ಅಂತ ಸಹಿ ಬೇರೆ. ಕೊಂಡು ಓದಿದ್ದಾ, ಲೇಖಕರು ಕೊಟ್ಟಿದ್ದಾ, ನಮಗೆ ಪರಿಚಯ ಇದೆಯಾ ಅನ್ನೋದನ್ನ ಬರಹದಲ್ಲೇ ಹೇಳಿಬಿಡಿ. ಒಂದೇ ಸಾಲು ಸಾಕು.

ಈಗ ಕೈಲಿರೋದು

ಪಾವಗಡದ ಕಡೆಯ ಒಬ್ಬ ಹೆಣ್ಣುಮಗಳ ಕವನ ಸಂಕಲನ ಓದ್ತಿದ್ದೀನಿ, ಸಣ್ಣದು. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಆ ಕಡೆ ಅದು ಸಾಮಾನ್ಯ, ಪದ್ಯಗಳಲ್ಲೂ ಆ ಎರಡು ನಡಿಗೆ ಕಾಣುತ್ತೆ. ಕವನಗಳ ಬಗ್ಗೆ ಬರೆಯೋದು ಕಾದಂಬರಿ ಹಾಗಲ್ಲ ಅಂತ ಈಗ ಗೊತ್ತಾಗ್ತಿದೆ. ಪೆನ್ಸಿಲ್ಲು, ಸ್ಟೇಷನ್ನು ಯಾವುದೂ ಉಪಯೋಗಕ್ಕೆ ಬರ್ತಿಲ್ಲ, ಪ್ರತಿ ಎರಡು ಸಾಲಿಗೂ ತಲೆ ಎತ್ತಿದ್ದೀನಿ. ಸಂಕಲನದ ಬಗ್ಗೆ ಬರೆಯೋರು ಸಾಮಾನ್ಯವಾಗಿ ಹತ್ತು ಪದ್ಯಗಳಿಂದ ಎರಡೆರಡು ಸಾಲು ಕಿತ್ತು ಹಾಕಿ, ಇಲ್ಲಿ ಪ್ರೀತಿ ಇದೆ, ಇಲ್ಲಿ ನೋವಿದೆ, ಇಲ್ಲಿ ಸಾಮಾಜಿಕ ಕಳಕಳಿ ಇದೆ ಅಂತ ಬರೀತಾರೆ. ಹಂಗೆ ಬರೆದ್ರೆ ಒಂದು ಪದ್ಯಾನೂ ಓದಿದಂಗೆ ಆಗಲ್ಲ. ಟ್ರೈನಲ್ಲಿ ಲ್ಯಾಬ್ ಟೆಕ್ನಿಷಿಯನ್ ಹುಡುಗಿಗೆ ಒಂದು ಪದ್ಯ ಜೋರಾಗಿ ಓದು ಅಂದೆ, ಹತ್ತನೇ ಕ್ಲಾಸಿನ ಮಗಳನ್ನ ಸೋಲಾರ್ ಪಾರ್ಕಿನ ಬೇಲಿ ಆಚೆ ಇರೋ ತಮ್ಮ ಹಳೇ ಹೊಲ ತೋರಿಸೋಕೆ ತಾಯಿ ಕರ್ಕೊಂಡು ಹೋಗೋದು. ಅವಳು ಓದುವಾಗ ಒಂದು ಕಡೆ ತಡವರಿಸಿದಳು, ನಾನು ಮನಸ್ಸಲ್ಲಿ ಓದ್ಕೊಂಡಾಗಲೂ ಅಲ್ಲೇ ತಡವರಿಸಿದ್ದೆ.

ಹಾಗಾಗಿ ಈ ಸಲ ಇಡೀ ಸಂಕಲನ ಬಿಟ್ಟು ಆ ಒಂದೇ ಪದ್ಯದ ಬಗ್ಗೆ ಬರೆಯೋದು ಅಂತ ತೀರ್ಮಾನ ಮಾಡಿದ್ದೀನಿ. ಪೂರ್ತಿ ಪದ್ಯ ಹಾಕದೆ ಆಗಲ್ಲ, ಪೂರ್ತಿ ಹಾಕ್ಬೇಕಂದ್ರೆ ಅವರ ಒಪ್ಪಿಗೆ ಬೇಕು. ನಾಳೆ ಸಂಜೆ ಫೋನ್ ಮಾಡಿ ಕೇಳ್ತೀನಿ. ಜೊತೆಗೆ, ಬೇಲಿ ಹತ್ರ ಬಂದಾಗ ಸಾಲು ಮಧ್ಯದಲ್ಲೇ ಮುರಿದು ಕೆಳಗೆ ಇಳಿದಿದೆಯಲ್ಲ, ಅದು ನೀವು ಬೇಕಂತ ಮುರಿದಿದ್ದಾ ಅಥವಾ ಡಿಟಿಪಿಯೋರು ಮಾಡಿದ್ದಾ ಅಂತಲೂ ಕೇಳ್ಬೇಕು. ಅವರು ಹೇಳೋ ಉತ್ತರದ ಮೇಲೆ ನಾನು ಬರೆದಿಟ್ಟಿರೋ ಅರ್ಧ ಪುಟ ಉಳಿಯುತ್ತೋ ಹೋಗುತ್ತೋ ಗೊತ್ತಾಗುತ್ತೆ.